ನಾಲ್ಕು ಸೆಕೆಂಡು

ಆಕೆ ಇವತ್ತೂ ಬೆಂಚಿನ ಮೇಲೆ ಕೂತಿದ್ದರು. ನೆಲಮಾಳಿಗೆಗೆ ಇಳಿಯುವ ಮೆಟ್ಟಿಲ ತಿರುವಿನಲ್ಲಿ ಅವನಿಗೆ ಮೊದಲು ಕಂಡದ್ದು ಆಕೆಯ ಕಪ್ಪು ಚಪ್ಪಲಿ, ಆಮೇಲೆ ಮಡಿಲಲ್ಲಿ ಇಟ್ಟುಕೊಂಡ ಪುಟ್ಟ ಸ್ಲೇಟು, ಆಮೇಲೆ ಕೊರಳ ತೂತಿಗೆ ಅಡ್ಡ ಕಟ್ಟಿದ ತೆಳುವಾದ ಬಿಳಿ ಬಟ್ಟೆ. ಕಂಡದ್ದೇ ತಡ, ಕಾಲು ಅವನನ್ನು ಕೇಳದೆ ಒಂದು ಮೆಟ್ಟಿಲು ಹಿಂದಕ್ಕೆ ಹೋಯಿತು. ಐವತ್ತೆರಡು ವರ್ಷದ ಗಂಡಸು, ಇಪ್ಪತ್ತಾರು ವರ್ಷದ ಸರ್ವೀಸು, ಮನೆಪಾಠ ಮಾಡದೆ ಬಂದ ಹುಡುಗನ ಹಾಗೆ ಗೋಡೆಗೆ ಅಂಟಿಕೊಂಡು ನಿಂತ. ಆಕೆ ನಿವೃತ್ತ ಟೀಚರು ಬೇರೆ. ಕಾಯುವುದನ್ನು ಕಲಿತವರು, ಸುಳ್ಳು ಹೇಳುವ ಮುಖವನ್ನು ನೋಡಿ ನೋಡಿ ಪಳಗಿದವರು. ಸೋಮವಾರ ಅವನು 'ಸರ್ವರ್ ರಿಪೇರಿಯಲ್ಲಿದೆ' ಎಂದಿದ್ದ. ಮಂಗಳವಾರ 'ಇಂಜಿನಿಯರ್ ಬರಬೇಕು' ಎಂದಿದ್ದ. ಇಂಜಿನಿಯರ್ ಎಂದರೂ ಅವನೇ, ಸರ್ವರ್ ಎಂದರೂ ಅವನ ಮೇಜಿನ ಕೆಳಗೆ ಗುಂಯ್‌ಗುಡುವ ಪೆಟ್ಟಿಗೆಯೇ. ಅದಕ್ಕೆ ಯಾವ ಕಾಯಿಲೆಯೂ ಇರಲಿಲ್ಲ. ಸಂಖ್ಯೆ ಕೊಟ್ಟರೆ ಕಣ್ಣುಮಿಟುಕಿಸುವಷ್ಟರಲ್ಲಿ ದನಿ ತೆಗೆದುಕೊಡುತ್ತಿತ್ತು. ಕೊಡುತ್ತಿದ್ದದ್ದು ಮಾತ್ರ ನಾಲ್ಕು ಸೆಕೆಂಡು.

ಗಂಟಲಿನ ಕಾಯಿಲೆಗೆಂದೇ ಇದ್ದ ಆಸ್ಪತ್ರೆ ಅದು. ಧ್ವನಿಪೆಟ್ಟಿಗೆಯನ್ನೇ ಕತ್ತರಿಸಿ ತೆಗೆಯಬೇಕಾದವರನ್ನು ಆಪರೇಷನ್ನಿಗೆ ಒಂದೆರಡು ದಿನ ಮೊದಲು ಅವನ ಕೋಣೆಗೆ ಕಳಿಸುತ್ತಿದ್ದರು, ಕೊನೆಯ ಸಲ ಏನು ಬೇಕೋ ಹೇಳಿಕೊಂಡು ಹೋಗಲಿ ಎಂದು. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿ ಅವನೇ ಕಟ್ಟಿದ ಕೋಣೆ. ನಡುವೆ ಗಾಜು. ಆ ಕಡೆ ಒಂದು ಕುರ್ಚಿ, ಮೈಕು, ಲೋಟದಲ್ಲಿ ನೀರು. ಈ ಕಡೆ ಅವನು. ಅವನದೊಂದು ಕ್ರಮವಿತ್ತು. ಹೆಡ್‌ಫೋನ್ ಹಾಕಿಕೊಂಡು ಗುಂಡಿ ಒತ್ತಿ ತನ್ನ ಮೈಕಿನಲ್ಲಿ ರೋಗಿಯ ಸಂಖ್ಯೆ ಹೇಳುವುದು, 'ಈಗ ನಿಮ್ಮ ಹೊತ್ತು, ಹೇಳಿ' ಎನ್ನುವುದು, ಕೂಡಲೇ ಹೆಡ್‌ಫೋನ್ ತೆಗೆದಿಟ್ಟು ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ಬೆನ್ನು ಕೊಟ್ಟು ಕೂತುಬಿಡುವುದು. ಗೋಡೆಯ ಮೇಲೆ ಒಂದು ಪುಟ್ಟ ಪರದೆ, ಅದರಲ್ಲಿ ಹಸಿರು ಗೆರೆ. ಗೆರೆ ಕುಣಿಯುತ್ತಿದ್ದರೆ ಮಾತು ನಡೆಯುತ್ತಿದೆ, ಗೆರೆ ಮಲಗಿತೆಂದರೆ ಮುಗಿಯಿತು. ಹೀಗೆ ಮಾಡೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಮೊದಲನೆಯ ರೋಗಿ ಒಬ್ಬ ಲಾರಿ ಡ್ರೈವರು; ಗಾಜಿನಾಚೆ ಇವನ ಮುಖ ನೋಡುತ್ತ ಬಾಯಿ ತೆರೆಯಲಾರದೆ ಹತ್ತು ನಿಮಿಷ ಬೆವರಿದ್ದ. ಇವನು ಸುಮ್ಮನೆ ಎದ್ದು ಬೆನ್ನು ತಿರುಗಿಸಿದ, ಡ್ರೈವರು ಅರ್ಧ ಗಂಟೆ ಮಾತಾಡಿದ. ಅಂದಿನಿಂದ ಅದೇ ನಿಯಮವಾಯಿತು, ನಿಯಮದ ಬಗ್ಗೆ ಸಣ್ಣ ಹೆಮ್ಮೆಯೂ ಬೆಳೆಯಿತು. ಸಾವಿರದ ಇನ್ನೂರ ಆರು ಜನ ಅವನ ಬೆನ್ನಿಗೆ ಮಾತಾಡಿದ್ದರು. ಒಬ್ಬರದನ್ನೂ ಅವನು ಕೇಳಿರಲಿಲ್ಲ. ಕೇಳದಿರುವುದೇ ದೊಡ್ಡತನವೆಂದು ತಿಳಿದಿದ್ದ.

"ಸಾರ್, ಅಲ್ಯಾಕೆ ನಿಂತುಬಿಟ್ರಿ?" ಟೀಚರ ಮಗಳು ಮೇಲಕ್ಕೆ ನೋಡಿ ಕೇಳಿದಳು. ಅವನು ಕೆಮ್ಮಿ, ಜೇಬಿನಲ್ಲಿ ಬೀಗದ ಕೈ ಹುಡುಕುವ ನಾಟಕವಾಡಿ, ಇಳಿದು ಬಂದ. ಟೀಚರು ಎದ್ದು ನಿಂತು ಕೈಮುಗಿದರು. ಆ ಕೈಮುಗಿಯುವುದೊಂದನ್ನು ಬಿಟ್ಟು ಕೆನ್ನೆಗೆ ಎರಡು ಬಾರಿಸಿದ್ದರೆ ತಡೆದುಕೊಳ್ಳುತ್ತಿದ್ದೆ ಎನಿಸಿತು.

"ಇವತ್ತು ಸಿಗತ್ತೆ ಅಲ್ವಾ ಸಾರ್? ಅಮ್ಮ ರಾತ್ರಿಯಿಡೀ ನಿದ್ದೆ ಮಾಡಿಲ್ಲ. ಬೇರೇನಿಲ್ಲ, ನನ್ನ ಮಗು ಇವರ ಹತ್ರ ಹೋಗಲ್ಲ. ಕೊರಳಿಂದ ಉಸಿರು ಬರೋ ಸದ್ದಿಗೆ ಹೆದರಿ ಕಿಟಾರನೆ ಕಿರುಚತ್ತೆ. ಮಗುಗೆ ಅಂತಾನೇ ಇವರು ಇಲ್ಲಿ ಏನೋ ಹೇಳಿ ಹೋಗಿದ್ದಾರಂತೆ, ಆಗಿನ್ನೂ ಅದು ನನ್ನ ಹೊಟ್ಟೇಲಿತ್ತು. ತೊಡೆ ಮೇಲೆ ಕೂರಿಸ್ಕೊಂಡು ಅದನ್ನ ಕೇಳಿಸಿದ್ರೆ ಅಜ್ಜಿ ಅಂತ ಹೊಂದ್ಕೊಳ್ಳತ್ತೇನೋ ಅಂತ."

"ಒಂದೈದು ನಿಮಿಷ ಕೂತಿರಿ ಅಮ್ಮ," ಎಂದ. ಐದು ನಿಮಿಷದಲ್ಲಿ ಏನಾಗುತ್ತದೆಂದು ಅವನಿಗೂ ಗೊತ್ತಿರಲಿಲ್ಲ. ಒಳಗೆ ಹೋಗಿ ಬಾಗಿಲು ಮುಚ್ಚಿ ಕುರ್ಚಿಯಲ್ಲಿ ಕುಸಿದ. ಕಂಪ್ಯೂಟರಿನ ಪರದೆ ಬೆಳಗಿತು. ದನಿಗಳ ಟೇಬಲು ಸಾಲುಸಾಲಾಗಿ ತೆರೆದುಕೊಂಡಿತು, ಎಷ್ಟು ಚೆಂದವಾಗಿತ್ತು ಅದು, ನೋಡಿದರೆ ಈಗಲೂ ಕಣ್ಣು ತಂಪಾಗುವಷ್ಟು. ಮೊದಲು ದನಿಯ ಫೈಲುಗಳು ಫೋಲ್ಡರಿನಲ್ಲಿ ಬಿದ್ದಿದ್ದವು, ಹೆಸರುಗಳು ಬೇರೆ ಟೇಬಲಿನಲ್ಲಿ. ಯಾರೋ ಫೈಲಿನ ಹೆಸರು ಬದಲಿಸಿದರೆ ಒಬ್ಬರ ದನಿ ಇನ್ನೊಬ್ಬರ ಪಾಲು. ಒಮ್ಮೆ ಒಬ್ಬ ವಿಧವೆಗೆ ಬೇರೆ ಯಾರದೋ ಗಂಡನ ದನಿ ಹೋಗಿ ರಂಪವಾಗಿತ್ತು. ಆವತ್ತೇ ಅವನು ತೀರ್ಮಾನಿಸಿದ್ದು, ದನಿಯನ್ನೂ ಟೇಬಲಿನೊಳಗೇ ಇಡಬೇಕೆಂದು. ಡೇಟಾಬೇಸಿನಲ್ಲಿ ಅಂಕಿ, ಅಕ್ಷರ ಮಾತ್ರವಲ್ಲ, ಚಿತ್ರವಾಗಲಿ ದನಿಯಾಗಲಿ ಇಡೀ ಫೈಲನ್ನೇ ಒಂದು ಮನೆಯೊಳಗೆ ಇಡಬಹುದು, ಬೇಕಾದಾಗ ಹಾಗೇ ಹೊರಗೆ ತೆಗೆಯಬಹುದು. ಒಬ್ಬ ಮನುಷ್ಯನಿಗೆ ಒಂದು ಸಾಲು: ಸಂಖ್ಯೆ, ಹೆಸರು, ವಯಸ್ಸು, ದಿನಾಂಕ, ಫೈಲಿನ ಗಾತ್ರ, ಕೊನೆಯ ಮನೆಯಲ್ಲಿ ದನಿ. ಹೆಸರನ್ನೂ ದನಿಯನ್ನೂ ಇನ್ನು ಯಾರೂ ಬೇರೆ ಮಾಡಲಾರರು ಎಂದುಕೊಂಡಾಗ ಆ ಮಧ್ಯಾಹ್ನ, ನಗಬಾರದು, ಅವನ ಕಣ್ಣು ತುಂಬಿತ್ತು.

ಆ ಕೊನೆಯ ಮನೆಗೆ ನಾಲ್ಕು ಅಳತೆಗಳಿದ್ದವು. ಪುಟ್ಟದು, ಸಾಧಾರಣದ್ದು, ಮಧ್ಯಮದ್ದು, ದೊಡ್ಡದು. ಅವನು ಸಾಧಾರಣದ್ದನ್ನು ಆರಿಸಿದ. ಜೀವಮಾನವಿಡೀ ಸಾಧಾರಣದ್ದನ್ನೇ ಆರಿಸಿಕೊಂಡು ಬಂದವನು. ಸಾಧಾರಣವೆಂದರೆ ಅರವತ್ತೈದು ಸಾವಿರ ಚಿಲ್ಲರೆ ಬೈಟು, ಅವನ ಧ್ವನಿಮುದ್ರಣದ ಲೆಕ್ಕದಲ್ಲಿ ನಾಲ್ಕು ಸೆಕೆಂಡು ಮತ್ತೊಂದು ಚೂರು ಎಂಬುದನ್ನು ಅವನು ನೋಡಲಿಲ್ಲ. ಹೆಚ್ಚಾದದ್ದನ್ನು ಡೇಟಾಬೇಸು ಬೇಡವೆನ್ನಲಿಲ್ಲ, ಜಗಳಕ್ಕೆ ನಿಲ್ಲಲಿಲ್ಲ. ಹಿಡಿಸಿದಷ್ಟು ಹಿಡಿಸಿಕೊಂಡು ಮಿಕ್ಕದ್ದನ್ನು ಚೆಲ್ಲಿತು. ಕೆಲಸ ಮುಗಿದಾಗ ಪರದೆಯ ಮೇಲೆ ಎರಡು ಸಂಖ್ಯೆ ಬಂದವು. ಸೇರಿದ ಸಾಲುಗಳು ಸಾವಿರದ ಇನ್ನೂರ ಆರು, ಎಚ್ಚರಿಕೆಗಳು ಸಾವಿರದ ಇನ್ನೂರ ಆರು. ಎಚ್ಚರಿಕೆ ಅಂದರೆ ತಪ್ಪೇನಲ್ಲವಲ್ಲ ಎಂದುಕೊಂಡ. ತೆಗೆದೂ ನೋಡಿದ, ಇಲ್ಲವೆಂದಲ್ಲ. ತನ್ನದೇ ದನಿಯಲ್ಲಿ 'ಹಲೋ ಹಲೋ, ಒಂದು ಎರಡು ಮೂರು' ಎಂದು ಮುದ್ರಿಸಿ ಒಳಗಿಟ್ಟು ಹೊರಗೆ ತೆಗೆದ, ಚೊಕ್ಕವಾಗಿ ಬಂತು. ಮೂರು ಸೆಕೆಂಡಿನದು, ಬರದೆ ಏನು ಮಾಡೀತು? ಲೆಕ್ಕವನ್ನೂ ತಾಳೆ ನೋಡಿದ. ಟೇಬಲಿನ ಗಾತ್ರದ ಕಾಲಮನ್ನು ಕೂಡಿಸಿದ, ಫೋಲ್ಡರಿನ ಗಾತ್ರ ನೋಡಿದ, ಒಂದು ಬೈಟೂ ಹೆಚ್ಚುಕಡಿಮೆಯಿಲ್ಲ. ಆದರೆ ಆ ಕಾಲಮಿಗೆ ಗಾತ್ರ ತುಂಬಿದ್ದೇ ಫೋಲ್ಡರಿನ ಫೈಲುಗಳನ್ನು ಅಳೆದು. ಒಂದೇ ಚೀಟಿಯನ್ನು ಎರಡು ಸಲ ಓದಿ ಎರಡೂ ಒಂದೇ ಇದೆಯೆಂದು ಖುಷಿಪಟ್ಟಿದ್ದ. ಒಳಗೆ ನಿಜವಾಗಿ ಎಷ್ಟು ಹೋಯಿತೆಂದು ಡೇಟಾಬೇಸನ್ನು ಕೇಳಿರಲಿಲ್ಲ. ಕೇಳುವ ಅಭ್ಯಾಸವೇ ಅವನಿಗಿರಲಿಲ್ಲ.

ಆಮೇಲೆ ಹಳೆಯ ಡಿಸ್ಕುಗಳು. ರೋಗಿಗಳ ಗುಟ್ಟು ಎರಡು ಕಡೆ ಇರಬಾರದೆಂದು ದೊಡ್ಡ ಡಾಕ್ಟರ ಆಜ್ಞೆ. ಎಲೆಕ್ಟ್ರಿಷಿಯನ್ನನ್ನು ಕರೆದು ಒಂದೊಂದು ಡಿಸ್ಕಿಗೂ ಡ್ರಿಲ್ಲಿನಿಂದ ಮೂರು ಮೂರು ತೂತು ಹೊಡೆಸಿದ್ದ, ಎದುರಿಗೆ ನಿಂತು, ಸಹಿ ಹಾಕಿ. ಬ್ಯಾಕಪ್ಪಿನಲ್ಲಿ ಹಳೆಯ ಫೋಲ್ಡರು ಮೂವತ್ತು ದಿನ ಇರುತ್ತಿತ್ತು. ಟೀಚರು ಬಂದು ಕೇಳಿದ್ದು ಮೂವತ್ತನಾಲ್ಕನೆಯ ದಿನ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ಕುಂಬಾರನೂ ಅವನೇ, ದೊಣ್ಣೆಯೂ ಅವನೇ. ನಿನ್ನೆ ಮಧ್ಯಾಹ್ನ ಊಟ ಬಿಟ್ಟು ಗುಜರಿ ಅಂಗಡಿಗೆ ಹೋಗಿದ್ದ. ತೂತು ಬಿದ್ದ ಡಿಸ್ಕಿನಿಂದ ಏನೂ ಬರುವುದಿಲ್ಲವೆಂದು ಗೊತ್ತಿದ್ದೂ ಮಂಡಿಯೂರಿ ಕಬ್ಬಿಣದ ರಾಶಿಯಲ್ಲಿ ಒಂದು ಗಂಟೆ ಕೈಯಾಡಿಸಿದ. ಗುಜರಿಯವನು ಬೀಡಿ ಕಚ್ಚಿಕೊಂಡು ನೋಡುತ್ತಿದ್ದು, "ಏನ್ ಸಾರ್, ಬಂಗಾರ ಗಿಂಗಾರ ಇತ್ತಾ ಅದರೊಳಗೆ? ಆ ಮಾಲು ಹೋದ ವಾರವೇ ಕರಗೋಕೆ ಹೋಯ್ತಲ್ಲ," ಎಂದ. ಅವನು ಪ್ಯಾಂಟಿನ ತುಕ್ಕು ಕೊಡವಿಕೊಂಡು, ಯಾಕೋ ಗೊತ್ತಿಲ್ಲ, ನಕ್ಕಿದ್ದ.

ಬಾಗಿಲು ತಟ್ಟಿದ ಸದ್ದು. ಐದು ನಿಮಿಷವೆಂದದ್ದು ಇಪ್ಪತ್ತಾಗಿತ್ತು. ಇನ್ನೊಂದು ಸುಳ್ಳು ನಾಲಿಗೆಯ ತುದಿಯಲ್ಲಿ ತಯಾರಾಗಿತ್ತು, 'ನಾಳೆ ಬನ್ನಿ'. ನಾಳೆ ಬರುತ್ತಾರೆ. ನಾಡಿದ್ದೂ ಬರುತ್ತಾರೆ. ಬಾಗಿಲು ತೆರೆದು ಇಬ್ಬರನ್ನೂ ಒಳಗೆ ಕರೆದು ತನ್ನ ಕುರ್ಚಿಯನ್ನೇ ಟೀಚರಿಗೆ ಕೊಟ್ಟ. ಅವರ ಸಂಖ್ಯೆ ಒತ್ತಿದ. ಮೊಟ್ಟೆಯ ಟ್ರೇಗಳ ನಡುವೆ ಅವನದೇ ದನಿ ಎದ್ದು ಬಂತು, ಸ್ವಲ್ಪ ಮೂಗಿನಿಂದ, ಕಚೇರಿಯ ಠೀವಿಯಲ್ಲಿ: 'ಸಾವಿರದ ನೂರ ಎಪ್ಪತ್ತು. ಈಗ ನಿಮ್ಮ ಹೊತ್ತು, ಹೇಳಿ ಮೇಡಂ.' ಆಮೇಲೆ ಒಬ್ಬ ಹೆಂಗಸು ಗಂಟಲು ಸರಿಮಾಡಿಕೊಳ್ಳುವ ಸದ್ದು, ಉಸಿರು ಎಳೆದುಕೊಂಡದ್ದು. ಅಷ್ಟೇ.

ಟೀಚರು ಮುಂದಕ್ಕೆ ಬಾಗಿ ಕಾದರು. ಮಗಳು ನಗುನಗುತ್ತ ಅವರ ಭುಜದ ಮೇಲೆ ಕೈಯಿಟ್ಟಿದ್ದಳು. "ಇನ್ನೊಂದ್ಸಲ ಹಾಕಿ ಸಾರ್, ನಿಂತ್ಹೋಯ್ತು." ಇನ್ನೊಂದು ಸಲ ಹಾಕಿದ. ಮೂರನೆಯ ಸಲ ಹಾಕಿದ. ಮೂರನೆಯ ಸಲ ಮುಗಿದಾಗ ಟೀಚರು ಕಣ್ಣೆತ್ತಿ ಅವನನ್ನು ನೋಡಿದರು. ನಲವತ್ತು ವರ್ಷ ಕಾಲ ಕೊನೆಯ ಬೆಂಚಿನವರನ್ನು ನೋಡಿದ ಕಣ್ಣು. ಅವನು ಹೇಳಿಬಿಟ್ಟ. ಅಳತೆ ತಪ್ಪಿದ್ದು, ಮಿಕ್ಕದ್ದು ಚೆಲ್ಲಿದ್ದು, ಡಿಸ್ಕಿಗೆ ತೂತು ಹೊಡೆಸಿದ್ದು, ಸರ್ವರಿಗೆ ಏನೂ ಆಗಿಲ್ಲದ್ದು. ಎಲ್ಲರದೂ ಹೋಯಿತು, ನಿಮ್ಮೊಬ್ಬರದಲ್ಲ ಎಂದೂ ಸೇರಿಸಿದ, ಅದರಿಂದ ಅವರಿಗೆ ಸಮಾಧಾನವಾಗಬಹುದೆಂಬಂತೆ.

"ಎರಡು ದಿನದಿಂದ ನಮ್ಮ ಕಣ್ಣಿಗೆ ಮಣ್ಣೆರಚಿದ್ರಾ?" ಮಗಳ ದನಿ ಏರಿತು. "ಹಸುಗೂಸನ್ನ ಪಕ್ಕದ ಮನೇಲಿ ಬಿಟ್ಟು ಬಂದಿದ್ದೀನಿ ಸಾರ್ ನಾನು! ನಿಮ್ಮ ಮನೆಯವರದ್ದಾಗಿದ್ರೆ ಹೀಗೆ ಮಾಡ್ತಿದ್ರಾ?"

ಟೀಚರು ಮಗಳ ಕೈ ಹಿಡಿದು ಕೂರಿಸಿ, ಸ್ಲೇಟಿನ ಮೇಲೆ ಬರೆದು ಅವನ ಕಡೆ ತಿರುಗಿಸಿದರು. ದುಂಡಗಿನ, ಕರಿಹಲಗೆಯ ಅಕ್ಷರ. 'ನೀವಾದರೂ ಕೇಳಿದ್ದಿರಲ್ಲ?'

"ಇಲ್ಲ ಮೇಡಂ. ನಾನು ಕೇಳಲ್ಲ. ಅದು ನಮ್ಮ... ಕ್ರಮ."

ಅವರು ಸ್ಲೇಟನ್ನು ಸೆರಗಿನಿಂದ ನಿಧಾನವಾಗಿ ಒರೆಸಿದರು. 'ಹಾಗಾದರೆ ಯಾರೂ ಕೇಳಲಿಲ್ಲ' ಎಂದು ಬರೆದರು. ಪ್ರಶ್ನಾರ್ಥಕ ಚಿಹ್ನೆ ಹಾಕಲಿಲ್ಲ. ಮಗಳು ಅಳುತ್ತ, "ಏನು ಹೇಳಿದ್ದೆ ಅಂತ ಬರೆದುಕೊಡಮ್ಮ, ನಾನೇ ಓದಿ ಹೇಳ್ತೀನಿ ಮಗುಗೆ," ಎಂದಳು. ಅವರು ಬೇಡವೆಂದು ತಲೆಯಾಡಿಸಿದರು. ಎದ್ದರು. ಬಾಗಿಲಲ್ಲಿ ತಿರುಗಿ, ಅಭ್ಯಾಸ ಬಿಡದೆ, ಮತ್ತೆ ಕೈಮುಗಿದರು. ಮಗಳು ದೊಡ್ಡ ಡಾಕ್ಟರ ಕೋಣೆಗೇ ಹೋಗುತ್ತೇನೆಂದು ಮೆಟ್ಟಿಲು ಹತ್ತಿದ್ದು ಕೇಳಿಸಿತು, ಹಿಂದೆಯೇ ಕಪ್ಪು ಚಪ್ಪಲಿಯ ಸದ್ದು, ಒಂದೊಂದೇ ಮೆಟ್ಟಿಲಿಗೆ ನಿಂತು ನಿಂತು.

ನಿಮ್ಮ ಮನೆಯವರದ್ದಾಗಿದ್ದರೆ. ಒಂಬೈನೂರ ನಲವತ್ತೊಂದನೆಯ ಸಾಲಿನಲ್ಲಿ ಅವನ ಅಣ್ಣನಿದ್ದ. ಸೋಮವಾರದಿಂದ ಉಳಿದ ಸಾವಿರದ ಇನ್ನೂರ ಐದನ್ನೂ ತೆರೆದು ನೋಡಿದ್ದ, ಅದೊಂದನ್ನು ಬಿಟ್ಟು. ಸೋಮವಾರಕ್ಕೆ ಮೊದಲೂ ತೆರೆದಿರಲಿಲ್ಲ. ಒಂದೂವರೆ ವರ್ಷ, ಹನ್ನೊಂದು ನಿಮಿಷದ ಆ ಫೈಲು ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಅಣ್ಣ ಮನೆಯಲ್ಲಿ ಎದುರು ಸಿಕ್ಕಾಗಲೆಲ್ಲ ಹುಬ್ಬು ಹಾರಿಸಿ, ಕಿವಿ ಮುಟ್ಟಿಕೊಂಡು, ಕೇಳಿದೆಯಾ ಎಂದು ಸನ್ನೆ ಮಾಡುತ್ತಿದ್ದ. ಇವನು ಕೆಲಸ ಜಾಸ್ತಿ ಎನ್ನುತ್ತಿದ್ದ. ಆಮೇಲೆ ಅಣ್ಣ ಸನ್ನೆ ಮಾಡುವುದನ್ನು ಬಿಟ್ಟಿದ್ದ. ಏನಿದೆಯೋ ಅದರಲ್ಲಿ ಎಂಬ ಹೆದರಿಕೆ. ಏನಿದೆಯೆಂದು ಗೊತ್ತೇ ಇದೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದು.

ಅಣ್ಣ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು. ಬೆಳಗಿನ ಐದಕ್ಕೆ ಈರುಳ್ಳಿ ಮೂಟೆಯ ಮೇಲೆ ಹತ್ತಿ ನಿಂತು ಬಾಯಿ ತೆರೆದರೆ ಸೇತುವೆಯಾಚೆ ಹಾಲು ಹಾಕುವವನಿಗೂ ಅಂದಿನ ಧಾರಣೆ ಗೊತ್ತಾಗುತ್ತಿತ್ತು. ತಮ್ಮನ ಕಣ್ಣು ದೊಡ್ಡವೆಂದು ಚಿಕ್ಕಂದಿನಿಂದ ಅವನನ್ನು ಕರೆದದ್ದು ಗೂಬೆ ಎಂದೇ. ಇವನಿಗೆ ಬಡ್ತಿಯಾದಾಗ ಕಚೇರಿಯವರೆಲ್ಲ ಮನೆಗೆ ಚಹಾಕ್ಕೆ ಬಂದಿದ್ದರು, ದೊಡ್ಡ ಡಾಕ್ಟರೂ ಬಂದಿದ್ದರು. ಅಣ್ಣ ನಡುಮನೆಯ ಮಣೆಯ ಮೇಲೆ ಹತ್ತಿ ನಿಂತು, "ನಮ್ಮ ಗೂಬೆ ಹತ್ತು ವರ್ಷದವರೆಗೆ ಉಚ್ಚೆ ಹೊಯ್ದ ಹಾಸಿಗೆ! ಒದ್ದೆ ಹಾಸಿಗೆ ಒಂದು ಸಲ, ಒದ್ದೆ ಹಾಸಿಗೆ ಎರಡು ಸಲ," ಎಂದು ಹರಾಜು ಹಾಕಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನ ಕೈ ಕೆಳಗಿನ ಗುಮಾಸ್ತ ನಕ್ಕ ನಗೆ ಇನ್ನೂ ಕಿವಿಯಲ್ಲಿತ್ತು. ಬಂದವರು ಹೋದ ಮೇಲೆ ಅಡುಗೆಮನೆಯಲ್ಲಿ, ಅತ್ತಿಗೆ ಲೋಟಗಳ ತಟ್ಟೆ ಹಿಡಿದು ನಿಂತಿರುವಾಗ, ಅವನು ಅಣ್ಣನ ಮುಖಕ್ಕೆ ಮುಖವಿಟ್ಟು, "ನಿನ್ನ ಬಾಯಿ ಬಿದ್ದುಹೋಗ!" ಎಂದಿದ್ದ. ಅತ್ತಿಗೆಯ ಕೈಯ ತಟ್ಟೆ ಸದ್ದು ಮಾಡಿತು. ಅಣ್ಣ ಮಾತ್ರ ನಕ್ಕುಬಿಟ್ಟ. "ಬಿದ್ರೆ ಎತ್ತಿ ಜೋಪಾನ ಮಾಡೋಕೆ ನೀನಿದ್ದೀಯಲ್ಲೋ ಗೂಬೆ, ನಿನ್ನ ಕೋಣೇಲಿ." ಎರಡು ವರ್ಷ ಕಳೆಯುವಷ್ಟರಲ್ಲಿ ಗಂಟಲು ಒರಟಾಯಿತು, ಎಷ್ಟು ಕಷಾಯ ಕುಡಿದರೂ ಬಿಡಲಿಲ್ಲ, ಒಂದು ದಿನ ಈ ಗಾಜಿನಾಚೆಯ ಕುರ್ಚಿಯಲ್ಲಿ ಅಣ್ಣ ಬಂದು ಕೂತ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇವನು ಆಡಿದ್ದು ಹೋಗಿರಲಿಲ್ಲ. ಶಾಪ ಗೀಪವೆಲ್ಲ ನಂಬುವವನಲ್ಲ ಅವನು, ಆದರೆ ನಂಬದಿರುವುದರಿಂದ ಏನೂ ಪ್ರಯೋಜನವಾಗಲಿಲ್ಲ.

ಒಂಬೈನೂರ ನಲವತ್ತೊಂದು ಎಂದು ಒತ್ತಿದ. ಆವತ್ತು ಸಂಖ್ಯೆಯನ್ನು ಗಡಿಬಿಡಿಯಲ್ಲಿ ನುಂಗಿ, 'ಹೇಳು' ಎಂದಷ್ಟೇ ಹೇಳಿದ್ದ. ಈಗ ನಿಮ್ಮ ಹೊತ್ತು ಎನ್ನಲು ನಾಲಿಗೆ ಬಂದಿರಲಿಲ್ಲ. ಅದರಿಂದ ಒಂದೂವರೆ ಸೆಕೆಂಡು ಉಳಿದಿತ್ತು. ಆ ಉಳಿತಾಯದಲ್ಲಿ ಒಂದು ಒರಟು, ಸೀಳಿದ, ಆದರೂ ಮಂಡಿಯ ದೊಡ್ಡತನ ಬಿಡದ ದನಿ:

'ಲೋ ಗೂಬೆ, ತಿರುಗಬೇಡ್ವೋ, ನೀನು ಕೇ—'

ಅಷ್ಟಕ್ಕೇ ಕಡಿದುಹೋಯಿತು. ಅವನು ಪರದೆಯನ್ನೇ ನೋಡುತ್ತ ಕೂತ. ಮತ್ತೆ ಹಾಕಿದ. ತಿರುಗಬೇಡ್ವೋ. ಆ ಹೊತ್ತಿಗೆ ಅವನು ಹೆಡ್‌ಫೋನ್ ತೆಗೆದಾಗಿತ್ತು, ಕುರ್ಚಿ ಆಗಲೇ ಗೋಡೆಯ ಕಡೆ ತಿರುಗಿತ್ತು. ಕೇಳಲಿಲ್ಲ. ಹಸಿರು ಗೆರೆ ಎದ್ದದ್ದನ್ನು ನೋಡಿ, ಶುರುವಾಯಿತು, ಒಳ್ಳೆಯದಾಯಿತು ಎಂದುಕೊಂಡ. ಅಣ್ಣ ಗಾಜನ್ನು ಬಡಿದನೇ? ಮೊಟ್ಟೆಯ ಟ್ರೇಗಳ ಕೋಣೆ, ಬಡಿದರೂ ಕೇಳಿಸದು. ಬೇಡವೆಂದ ಬೆನ್ನಿಗೇ ಅಣ್ಣ ಹನ್ನೊಂದು ನಿಮಿಷ ಮಾತಾಡಿದ್ದ. ಸಾವಿರದ ಇನ್ನೂರ ಆರು ಜನರಲ್ಲಿ ಅವನ ಮುಖ ಬೇಕೆಂದು ಕೇಳಿದವನು ಒಬ್ಬನೇ ಇರಬೇಕು. ಉಳಿದವರೂ ಕೇಳಿದ್ದರೋ ಏನೋ, ಯಾರಿಗೆ ಗೊತ್ತು? ಅವನು ಎದ್ದು, ಮೇಲೆ ದೊಡ್ಡ ಡಾಕ್ಟರ ಗಂಟೆ ಬಾರಿಸುತ್ತಿದ್ದುದನ್ನು ಕೇಳುತ್ತ, ಅರ್ಧ ದಿನದ ರಜೆಚೀಟಿ ಬರೆದಿಟ್ಟು ಹಿಂದಿನ ಬಾಗಿಲಿಂದ ಹೊರಬಿದ್ದ. ನಾಳೆ ನೋಟೀಸು ಬರುತ್ತದೆ. ಬರಲಿ. ಕೆಲಸ ಹೋದರೆ ಹೋಗಲಿ ಎಂಬ ಧೈರ್ಯವಲ್ಲ ಅದು, ಅದಕ್ಕೆ ಹೆದರಲು ಮನಸ್ಸಿನಲ್ಲಿ ಜಾಗವಿರಲಿಲ್ಲ.

ಬಸ್ಸಿನಲ್ಲಿ ಎಲ್ಲರೂ ಮಾತಾಡುತ್ತಿದ್ದರು. ಫೋನಿನಲ್ಲಿ, ಪಕ್ಕದವರ ಜೊತೆ, ಕಂಡಕ್ಟರನ ಜೊತೆ. ಚಿಲ್ಲರೆಗಾಗಿ ಒಬ್ಬ ಹೆಂಗಸು ನಾಲ್ಕು ನಿಲ್ದಾಣದುದ್ದಕ್ಕೂ ಜಗಳವಾಡಿದಳು. ಎಷ್ಟು ದನಿ, ಯಾರ ಹಂಗೂ ಇಲ್ಲದೆ, ಎಲ್ಲೂ ಉಳಿಯದೆ ಹೋಗುತ್ತಿದ್ದದ್ದು. ಅಣ್ಣನ ದನಿ ಅತ್ತಿಗೆಯ ಫೋನಿನಲ್ಲಿದೆ, ಹುಡುಕಿದರೆ ಎರಡು ಮೂರು ಸಿಗುತ್ತವೆ: ಒಂದರಲ್ಲಿ ಆಲೂಗಡ್ಡೆ ಕೂಗುತ್ತಾನೆ, ಒಂದರಲ್ಲಿ ಕ್ಯಾಮೆರಾ ಅತ್ತ ತೆಗಿಯೇ ಎಂದು ಬೈಯುತ್ತಾನೆ. ಆದರೆ ಹನ್ನೊಂದು ನಿಮಿಷ ತಮ್ಮನಿಗೆ ಹೇಳಿದ್ದು ಅದರಲ್ಲಿಲ್ಲ. ಶಾಪವನ್ನು ನೆನೆಸಿ ಬೈದಿದ್ದನೋ, ಹೋಗಲಿ ಬಿಡೋ ಎಂದಿದ್ದನೋ, ಎರಡನ್ನೂ ಅವನು ಒಂದೂವರೆ ವರ್ಷ ಮುಂದಕ್ಕೆ ಹಾಕಿದ್ದ. ಬೈದಿದ್ದರೂ ಸರಿ. ಈಗ ಆ ಬೈಗುಳಕ್ಕಾಗಿ ಅವನು ಕಾಲು ಹಿಡಿಯಲೂ ಸಿದ್ಧನಿದ್ದ.

ಮನೆಯಲ್ಲಿ ಅಣ್ಣ ಹಿತ್ತಲ ಕಟ್ಟೆಯ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದ. ಮಂಡಿ ಬಿಟ್ಟ ಮೇಲೆ ಅವನಿಗೆ ತರಕಾರಿಯ ಸಂಗ ಉಳಿದದ್ದು ಹೀಗೆ. ಕೊರಳ ಬಟ್ಟೆ ಉಸಿರಿಗೆ ಉಬ್ಬಿ ತಗ್ಗುತ್ತಿತ್ತು. ತಮ್ಮ ನಡುಮಧ್ಯಾಹ್ನ ಬಂದದ್ದನ್ನು ಕಂಡು ಹುಬ್ಬು ಹಾರಿಸಿದ, ಏನೋ ಎಂದು. ಒಳಗಿಂದ ಅತ್ತಿಗೆ, "ಯಾಕಪ್ಪ, ಹುಷಾರಿಲ್ವಾ?" ಎಂದರು. ಅವನು ಉತ್ತರಿಸದೆ ಅಣ್ಣನ ಎದುರು ನೆಲದ ಮೇಲೆ ಕುಕ್ಕರಿಸಿದ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತು ಒಂದೂ ನೆನಪಾಗಲಿಲ್ಲ.

"ಅಣ್ಣ, ನೀನು ಅವತ್ತು ಹೇಳಿದ್ದು ಹೋಯ್ತು. ನಾನೇ ಕಳೆದೆ. ಒಂದು ಸಲಾನೂ ಕೇಳಲಿಲ್ಲ, ಕೇಳದೇ ಕಳೆದೆ. ಗೂಬೆ ತಿರುಗಬೇಡ ಅಂದಿದ್ದು ಅಷ್ಟೇ ಉಳಿದಿದೆ. ನಾನು ತಿರುಗಿಬಿಟ್ಟಿದ್ದೆ."

ಅಣ್ಣನ ಕೈ ಬಟಾಣಿಯ ಮೇಲೆ ನಿಂತಿತು. ಅವನು ತಮ್ಮನ ಮುಖವನ್ನು ಬಹಳ ಹೊತ್ತು ನೋಡಿದ. ಒಂದು ಕಾಳು ಉರುಳಿ ಕಟ್ಟೆಯಿಂದ ಕೆಳಗೆ ಬಿತ್ತು, ಯಾರೂ ಎತ್ತಲಿಲ್ಲ. ಪಕ್ಕದಲ್ಲಿದ್ದ ಸ್ಲೇಟನ್ನು ಇವನೇ ಎತ್ತಿ ಅಣ್ಣನ ಮಡಿಲಲ್ಲಿ ಇಟ್ಟ. "ಬರಿ ಅಣ್ಣ. ಏನಿದ್ರೂ ಬರಿ. ಬೈದಿದ್ರೆ ಅದನ್ನೇ ಬರಿ. ನಾನು ಅವತ್ತು ಅಡುಗೆಮನೇಲಿ ಅಂದದ್ದು..." ಎಂದು ಮುಖ ಮುಚ್ಚಿಕೊಂಡ. ಅಣ್ಣ ಅವನ ಕೈಗಳನ್ನು ಮುಖದಿಂದ ಬಿಡಿಸಿದ. ಬಟಾಣಿಯ ಹಸಿ ವಾಸನೆಯ ಕೈ. ಬಳಪ ಹಿಡಿದು ಎರಡೇ ಪದ ಗೀಚಿದ, 'ಬರೆಯೋದಲ್ಲ ಅದು'. ಸ್ಲೇಟನ್ನು ಆಚೆ ಸರಿಸಿದ. ಮೈ ನೆಟ್ಟಗೆ ಮಾಡಿದ, ಮೂಟೆಯ ಮೇಲೆ ಹತ್ತಿದಾಗ ಮಾಡುತ್ತಿದ್ದ ಹಾಗೆ, ಆಮೇಲೆ ಬಾಯಿ ತೆರೆದು ಮಾತಾಡತೊಡಗಿದ.

ದನಿಯಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು, ನಾಲಿಗೆ ಹಲ್ಲನ್ನು ಮುಟ್ಟಿ ಬಿಡುತ್ತಿತ್ತು, ಕೊರಳ ತೂತಿನಿಂದ ಗಾಳಿ ಬುಸ್ ಬುಸ್ ಎಂದು ತಪ್ಪು ತಪ್ಪು ಜಾಗದಲ್ಲಿ ಹೊರಬರುತ್ತಿತ್ತು. ಮೊದಲನೆಯದು ಗೂಬೆ ಎಂದಿರಬೇಕು, ತುಟಿ ದುಂಡಗಾಗಿ ಮುಂದೆ ಬಂತು. ಅದೊಂದು ಗೊತ್ತಾಯಿತು. ಆಮೇಲೆ ಏನೂ ಗೊತ್ತಾಗಲಿಲ್ಲ. ಅಮ್ಮ ಎಂದನೋ, ಅಪ್ಪ ಎಂದನೋ, ನಮ್ಮವನು ಎಂದನೋ. ನಕ್ಕ, ನಗುವಂಥದ್ದೇನೋ ಅಲ್ಲಿತ್ತು. ಕೈಬೆರಳು ಎತ್ತಿ ಬೆದರಿಸಿದ, ಬೈಯುವಂಥದ್ದೂ ಇತ್ತು. ಒಂದು ಕಡೆ ಕಣ್ಣು ಒದ್ದೆಯಾಗಿ ನಿಂತ, ನುಂಗಿಕೊಂಡು ಮುಂದುವರಿಸಿದ. ಹಿತ್ತಲಿನಾಚೆ ಯಾರೋ ಬಟ್ಟೆ ಒಗೆಯುವ ಸದ್ದು. ಅವನಿಗೆ ಕುತ್ತಿಗೆ ನೋಯುತ್ತಿತ್ತು, ಆ ಬಾಯಿಂದ ಕಣ್ಣು ತೆಗೆಯಬೇಕೆಂದು, ಗೋಡೆಯ ಕಡೆ ತಿರುಗಬೇಕೆಂದು ಮೈಯೆಲ್ಲ ಬಯಸುತ್ತಿತ್ತು. ಬೀಳಲಿ ಎಂದು ತಾನು ಶಪಿಸಿದ ಬಾಯಿ. ತಿರುಗಲಿಲ್ಲ. ಕೊನೆಗೆ ಅಣ್ಣ ನಿಂತ, ಬೆವರು ಒರೆಸಿಕೊಂಡ, ಉಸಿರಿಗೆ ಬಟ್ಟೆ ಜೋರಾಗಿ ಹಾರುತ್ತಿತ್ತು.

ಅತ್ತಿಗೆ ಬಾಗಿಲಲ್ಲಿ ಬಂದು ನಿಂತಿದ್ದರು, ಯಾವಾಗ ಬಂದರೋ. "ಏನಂದ್ರಪ್ಪ?" ಎಂದು ಮೆಲ್ಲಗೆ ಕೇಳಿದರು.

ಗೊತ್ತಾಯಿತು ಎಂದು ಸುಳ್ಳು ಹೇಳಬಹುದಿತ್ತು, ಕ್ಷಮಿಸಿದ ಎಂದು ಹೇಳಬಹುದಿತ್ತು. "ಗೊತ್ತಾಗಲಿಲ್ಲ ಅತ್ತಿಗೆ," ಎಂದ. "ಒಂದೂ ಗೊತ್ತಾಗಲಿಲ್ಲ."

ಅಣ್ಣ ತಲೆಯಾಡಿಸಿದ. ತಮ್ಮನ ಗಲ್ಲವನ್ನು ಹಿಡಿದು ತನ್ನ ಬಾಯಿ ಕಾಣುವ ಹಾಗೆ ಸರಿಯಾಗಿ ತಿರುಗಿಸಿ, ಮತ್ತೆ ಮೊದಲಿನಿಂದ ಶುರು ಮಾಡಿದ.